ತಮ್ಮ ಮಾಡಿದ ಕೋಳಿ, ತಮ್ಮ ಮಾಡಿದ ಲಾಭ

ನನ್ನ ತಮ್ಮನ ಹೆಂಡತಿ ಗಂಡನನ್ನು ಬಿಟ್ಟು ತವರಿಗೆ ಹೋದದ್ದು ಕುಡಿತದ ದೆಸೆಯಿಂದಲ್ಲ, ಇನ್ನೊಬ್ಬಳ ದೆಸೆಯಿಂದಲೂ ಅಲ್ಲ. ಹಾಗೇನಾದರೂ ಆಗಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಳ್ಳುವುದಾದರೂ ಸುಲಭವಾಗುತ್ತಿತ್ತು. ಅವಳು ಹೋದದ್ದು ಫೋನಿನೊಳಗೆ ಏರಿ ಇಳಿಯುವ ಕೆಂಪು, ಹಸಿರು ಕಡ್ಡಿಗಳ ಕಾಟಕ್ಕೆ.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕತ್ತಲೆಯ ಗುಂಡಿಯಲ್ಲಿ ನಿಂತು ಕಬ್ಬಿಣದ ಹಗ್ಗಕ್ಕೆ ಗ್ರೀಸ್ ಹಚ್ಚುವ ಮನುಷ್ಯನಿಗೆ ಯಾವ ಪುಣ್ಯಾತ್ಮ ಕಿವಿಯೂದಿದನೋ, ಹೊಸಬರಿಗೆ ಕರೆನ್ಸಿ ಟ್ರೇಡಿಂಗ್ ಕಲಿಸುವ ಆನ್‌ಲೈನ್ ಕ್ಲಾಸಿಗೆ ಸೇರಿಕೊಂಡ. ಒಂದು ದೇಶದ ಹಣ ಕೊಟ್ಟು ಇನ್ನೊಂದು ದೇಶದ ಹಣ ಕೊಳ್ಳುವುದು, ಅದರ ಬೆಲೆ ತೋರಿಸುವ ಕಡ್ಡಿ ಏರಿದಾಗ ಮಾರುವುದು. ಇಷ್ಟೇ ಸಂಗತಿ. ಇಷ್ಟಕ್ಕೆ ಮನುಷ್ಯ ಹಲ್ಲುಜ್ಜುವಾಗಲೂ ಫೋನು ಹಿಡಿದಿರಬೇಕೆ? ಇವನು ಹಿಡಿದಿರುತ್ತಿದ್ದ. ಹೆಂಡತಿಗೆ ಮೈ ಸುಡುವಂಥ ಜ್ವರ ಬಂದಾಗ ಪಕ್ಕದಲ್ಲೇ ಕೂತು "ಇಳಿಯುತ್ತೆ, ಇಳಿಯುತ್ತೆ" ಅನ್ನುತ್ತಿದ್ದನಂತೆ. ಅವಳು ಕಣ್ಣು ಬಿಟ್ಟು ನೋಡಿದರೆ ಮಹಾಶಯನ ಮುಖ ಆ ಕಡೆ, ಫೋನಿನೊಳಗಿತ್ತು.

ಆಗಾಗ ನನಗೆ ಫೋನು ಮಾಡಿ "ಅಕ್ಕಾ, ಇವತ್ತು ಭರ್ಜರಿ ಲಾಭ" ಎಂದು ಕೊಚ್ಚಿಕೊಳ್ಳುತ್ತಿದ್ದ. ಆ ಲಾಭದ ಮುಖವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಕೇಳಿದರೆ, ಅದು ಒಳಗೇ ಇದೆ, ಈಗ ತೆಗೆಯಬಾರದು ಎಂಬ ಉತ್ತರ. ನಾನೂ ಅವನ ಹೆಂಡತಿಯೂ ಅರ್ಥ ಮಾಡಿಕೊಂಡದ್ದು ಒಂದೇ: ಇವನು ಕೂಡಿಟ್ಟದ್ದನ್ನೆಲ್ಲ ಸುರಿದು ಮುಳುಗಿದ್ದಾನೆ, ಬಾಯಿ ಬಿಡುತ್ತಿಲ್ಲ. ಅವಳು ಚಪ್ಪಲಿ ಅಂಗಡಿಯಲ್ಲಿ ಸಂಜೆಯವರೆಗೆ ಕಂಡವರ ಪಾದಕ್ಕೆ ಅಳತೆ ಹಿಡಿದು ಮನೆಗೆ ಬಂದರೆ, ಮಾತಾಡಲು ಸಿಗುತ್ತಿದ್ದದ್ದು ಗಂಡನ ಒಂದು ಕಿವಿ ಮಾತ್ರ. ಎಷ್ಟು ದಿನ ಅಂತ ಕಿವಿಯ ಜೊತೆ ಸಂಸಾರ ಮಾಡುತ್ತಾಳೆ? ಹೋದಳು.

ನಾನು ಬಿಡಲಿಲ್ಲ. ಅವಳ ತವರಿಗೇ ಹೋಗಿ ಕೂತೆ. ಕೈ ಹಿಡಿದುಕೊಂಡೆ, ಗದ್ದ ಮುಟ್ಟಿದೆ, ಕೊನೆಗೆ ಸ್ವಲ್ಪ ಅತ್ತೂ ನೋಡಿದೆ.

"ಊಟಕ್ಕೆ ಬರ್ತೀನಿ ಅತ್ತಿಗೆ, ನಿಮ್ಮ ಮುಖ ನೋಡ್ಕೊಂಡು" ಅಂದಳು. "ಉಳ್ಕೊಳ್ಳೋದು ಬಿಡೋದು ಅವರ ಮುಖ ನೋಡಿದ್ಮೇಲೆ."

ನನಗೆ ಅಷ್ಟು ಸಾಕಾಗಿತ್ತು. ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. ಉಪ್ಪು ಕಡಿಮೆ, ಖಾರ ಬೇಡ ಎಂದು ಗೊಣಗುವ ರೋಗಿಗಳಿಂದಲೇ ತಟ್ಟೆ ಖಾಲಿ ಮಾಡಿಸಿದ್ದೇನೆ, ಮುನಿಸಿಕೊಂಡ ಒಬ್ಬ ಹೆಂಗಸು ಯಾವ ಲೆಕ್ಕ? ಆದರೆ ಅಡುಗೆ ನಾನು ಮಾಡಬಾರದು, ಅವನೇ ಮಾಡಬೇಕು. ಒಂದೇ ಪಾತ್ರೆಯಲ್ಲಿ ಆಗುವ ಕೋಳಿ. ಎರಡು ಪಾತ್ರೆ ಕೊಟ್ಟರೆ ಒಂದನ್ನು ಒಲೆಯ ಮೇಲೆ ಮರೆಯುವ ಜಾತಿ ಇವನದು.

ಅವಳು ಊಟಕ್ಕೆ ಬರಬೇಕಾದ ಸಂಜೆ ಅವನ ಮನೆಗೆ ಹೋಗಿ, ಮೊದಲ ಕೆಲಸವಾಗಿ ಅವನ ಫೋನು ಕಿತ್ತು ಫ್ರಿಜ್ಜಿನ ಮೇಲಿಟ್ಟೆ. ಕೈಗೆ ಚಾಕು ಕೊಟ್ಟೆ. ಈರುಳ್ಳಿ ಹೆಚ್ಚಿದ, ಬೆಳ್ಳುಳ್ಳಿ ಜಜ್ಜಿದ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾದ ಮೇಲೆ ಕೋಳಿ ತುಂಡುಗಳನ್ನು ಚರ್ಮದ ಕಡೆ ಕೆಳಗಾಗಿ ಜೋಡಿಸಿದ. ಮೆಕ್ಯಾನಿಕ್ ಬುದ್ಧಿ ನೋಡಿ, ಒಂದಕ್ಕೊಂದು ತಾಗದ ಹಾಗೆ ಅಳೆದು ಇಟ್ಟ. ಕೆಂಪಗಾದ ಮೇಲೆ ಈರುಳ್ಳಿ, ಆಲೂಗಡ್ಡೆ, ಟೊಮೆಟೊ, ಮೆಣಸಿನ ಪುಡಿ, ಉಪ್ಪು, ಒಂದು ಲೋಟ ನೀರು. ಉರಿ ಸಣ್ಣ ಮಾಡಿಸಿ ಮುಚ್ಚಳ ಹಾಕಿಸಿದೆ.

ಹಾಕಿ ಇನ್ನೂ ಕೈ ಒರೆಸಿಕೊಂಡಿಲ್ಲ, ಮುಚ್ಚಳ ತೆಗೆದ.

"ಯಾಕೋ ತೆಗೆದೆ?"

"ಎಲ್ಲಿಗೆ ಬಂತು ಅಂತ ನೋಡ್ದೆ."

"ಎಲ್ಲಿಗೂ ಹೋಗಲ್ಲ ಅದು, ಸತ್ತಿರೋ ಕೋಳಿ! ಮುಚ್ಚು!"

ಮತ್ತೆ ತೆಗೆದ. ಸೌಟಿನಿಂದ ಅವನ ಕೈಗೆ ಒಂದು ಕೊಟ್ಟೆ. ಎಷ್ಟು ದೊಡ್ಡವನಾದರೂ ತಮ್ಮ ತಮ್ಮನೇ. ಸುಮ್ಮನೆ ಸ್ಟೂಲಿನ ಮೇಲೆ ಕೂತು ಪಾತ್ರೆಯನ್ನೇ ದಿಟ್ಟಿಸತೊಡಗಿದ. ಆ ಬಡಪಾಯಿ ಮುಖ ನೋಡಿ ಸೌಟು ಕೆಳಗಿಟ್ಟೆ. ಅವಳು ಬರುವ ಮುಂಚೆ ನಿಜ ಗೊತ್ತಾಗಿಬಿಡಲಿ ಅಂದುಕೊಂಡು ನೇರವಾಗಿ ಕೇಳಿದೆ.

"ನನ್ನ ಹತ್ರ ಮುಚ್ಚುಮರೆ ಬೇಡ ಕಣೋ. ಎಷ್ಟು ಕಳೆದೆ?"

"ಏನೂ ಕಳೆದಿಲ್ಲ ಅಕ್ಕ. ಹಾಕಿದ್ರೆ ತಾನೇ ಕಳೆಯೋದು?"

"ಅಂದ್ರೆ?"

ಅವನು ಕಾಲಿನ ಹೆಬ್ಬೆರಳು ನೋಡಿಕೊಂಡು ಹೇಳಿದ. ಹೊಸಬರಿಗೆ ಟ್ರೇಡಿಂಗ್ ಕಂಪನಿಯವರು ಅಭ್ಯಾಸಕ್ಕೆಂದು ಒಂದು ಡೆಮೊ ಖಾತೆ ಕೊಡುತ್ತಾರಂತೆ. ಕಡ್ಡಿಗಳು ನಿಜ, ಬೆಲೆ ನಿಜ, ಹಣ ಮಾತ್ರ ಸುಳ್ಳು. ಗೆದ್ದರೆ ಬರುವುದಿಲ್ಲ, ಸೋತರೆ ಹೋಗುವುದಿಲ್ಲ.

"ರಿಪೇರಿ ಆದ ಲಿಫ್ಟನ್ನ ಮೊದ್ಲು ಖಾಲಿ ಓಡಿಸಿ ನೋಡ್ತೀವಲ್ಲ, ಹಾಗೆ. ಜನ ಹತ್ತಿಸೋದು ಆಮೇಲೆ. ಕ್ಲಾಸಿನ ಮೇಷ್ಟ್ರೂ ಅದನ್ನೇ ಹೇಳಿದ್ದು, ಕೈ ಪಳಗೋವರೆಗೂ ನಿಜವಾದ ದುಡ್ಡು ಹಾಕ್ಬೇಡಿ ಅಂತ. ನಂಗೆ ಇನ್ನೂ ಧೈರ್ಯ ಬಂದಿಲ್ಲ."

"ಮತ್ತೆ ಅವಳಿಗೆ ಯಾಕೋ ಹೇಳ್ಲಿಲ್ಲ, ದಡ್ಡ ಮುಂಡೇದೆ?"

"ಲಾಭ ಲಾಭ ಅಂತ ಕುಣಿದಿದ್ದೆ. ಈಗ ಆಟದ ದುಡ್ಡು ಅಂದ್ರೆ ನಗ್ತಾಳೆ ಅಕ್ಕ."

ನಗುತ್ತಾಳಂತೆ! ಅಯ್ಯೋ, ನಗಲಿ ಬಿಡು, ನಗುವುದಕ್ಕಿಂತ ಬೇರೇನು ಬೇಕು? ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದು ಸಂಸಾರ ಮುರಿಯುತ್ತಿರುವುದು ಇಲ್ಲದ ನಷ್ಟಕ್ಕೆ! ಇವತ್ತು ಊಟಕ್ಕೆ ಕೂತ ತಕ್ಷಣ ಹೇಳು, ಹೇಳದಿದ್ದರೆ ನಾನೇ ಹೇಳುತ್ತೇನೆ, ಎಂದು ಅವನ ಬೆನ್ನು ತಟ್ಟಿದೆ. ಅವಳು ಇವತ್ತೇ ಇಲ್ಲಿ ಉಳಿಯುತ್ತಾಳೆ ಎಂದು ನನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿ, ಹೋಗಿ ಹಾಸಿಗೆಗೆ ಒಗೆದ ಹೊದಿಕೆಯನ್ನೂ ಹಾಕಿ ಬಂದೆ.

ಅವಳು ಬಂದಳು. ಅಂಗಡಿಯಿಂದ ನೇರವಾಗಿ ಬಂದಿದ್ದಳು, ಸೊರಗಿದ್ದಳು. ಪಾತ್ರೆಯನ್ನು ಹಾಗೇ ಮೇಜಿನ ನಡುವೆ ತಂದಿಟ್ಟು ಮುಚ್ಚಳ ತೆಗೆದಾಗ ಆವಿಯ ಜೊತೆ ಬಂದ ಪರಿಮಳಕ್ಕೆ ಅವಳ ಮುಖ ಸ್ವಲ್ಪ ಸಡಿಲವಾಯಿತು.

"ನೀವು ಮಾಡಿದ್ರಾ?" ಅಂದಳು.

"ಎಲ್ಲಾ ಅವನೇ. ನಾನು ಬಾಯಿ ಮಾತ್ರ ಆಡಿಸಿದ್ದು" ಅಂದೆ.

ತಮ್ಮ ಅವಳಿಗೆ ತೊಡೆಯ ತುಂಡನ್ನೇ ಆರಿಸಿ ಬಡಿಸಿದ. ಮಾಂಸ ಎಲುಬಿನಿಂದ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಅವಳು ಒಂದು ತುತ್ತು ತಿಂದು ಅವನ ಕಡೆ ನೋಡಿದಳು. ಫೋನಿಲ್ಲದ ಅವನ ಮುಖ ಅವಳಿಗೂ ಹೊಸದೇ ಇರಬೇಕು. ಇದೇ ಗಳಿಗೆ ಎಂದು ಮೇಜಿನ ಕೆಳಗೆ ನಾನು ಅವನ ಕಾಲು ತುಳಿದೆ.

ಹೇಳಿದ. ಡೆಮೊ ಖಾತೆ, ಖಾಲಿ ಲಿಫ್ಟು, ಮೇಷ್ಟ್ರು, ಒಂದೂ ಬಿಡದೆ ಹೇಳಿದ.

"ಹಾಗಾದ್ರೆ ನಮ್ಮ ದುಡ್ಡು?"

"ಒಂದು ಬಿಡಿಗಾಸೂ ಮುಟ್ಟಿಲ್ಲ! ಬ್ಯಾಂಕಲ್ಲಿ ಹಾಗೇ ಇದೆ." ಅವನ ಮುಖ ಅರಳಿತು. ನನ್ನದೂ ಅರಳಿರಬೇಕು.

ಅವಳು ತುತ್ತನ್ನು ತಟ್ಟೆಯಲ್ಲೇ ಇಟ್ಟಳು.

"ನಂಗೆ ಜ್ವರ ಬಂದಾಗ ನೀವು ಆ ಕಡೆ ತಿರುಗಿ ಕೂತಿದ್ರಲ್ಲ. ಅದೂ ಸುಳ್ಳು ದುಡ್ಡೇನಾ?"

"ಹೂಂ ಮತ್ತೆ, ಅದಕ್ಕೇ ಹೇಳ್ತಿರೋದು, ಹೆದರ್ಕೋಬೇಡ ಅಂತ. ಅವತ್ತಂತೂ ಲಾಭದಲ್ಲೇ ಮುಗಿಸಿದೆ."

ಇನ್ನೊಮ್ಮೆ ಕಾಲು ತುಳಿದೆ, ಈ ಸಲ ಜೋರಾಗಿಯೇ. ತಡವಾಗಿತ್ತು.

ಅವಳು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅತ್ತಿಗೆ, ಎಲ್ಲಾ ಕಳ್ಕೊಂಡಿದಾರೆ ಅಂದ್ಕೊಂಡೇ ಬಂದೆ ನಾನು. ಬರ್ತಾ ಮ್ಯಾನೇಜರ್ ಹತ್ರ ಭಾನುವಾರದ ಕೆಲಸಾನೂ ಕೇಳಿ ಬಂದೆ. ಬೈಯೋದು ಬೇಡ, ನಮ್ಮಿಬ್ಬರಿಗೋಸ್ಕರ ಏನೋ ಮಾಡಕ್ಕೆ ಹೋಗಿ ಹೀಗಾಗಿದೆ, ಇಬ್ರೂ ಸೇರಿ ಹೇಗೋ ಎದ್ದು ನಿಲ್ಲೋಣ ಅಂತ. ನಷ್ಟ ಆಗಿದ್ದಿದ್ರೆ ಅದ್ರಲ್ಲಿ ನಂಗೂ ಅರ್ಧ ಇರ್ತಿತ್ತು. ಇದ್ರಲ್ಲಿ ನಂಗೇನಿದೆ?"

ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ಎದುರು ಮಾತಾಡುವವಳು ನಾನು. ಆಗ ನನ್ನಿಂದಾದದ್ದು ಪಾತ್ರೆಗೆ ಮುಚ್ಚಳ ಹಾಕಿದ್ದಷ್ಟೆ. ಈ ನಿಜವನ್ನು ಹೇಳು ಹೇಳು ಎಂದು ಅವನ ಬೆನ್ನು ತಟ್ಟಿ ಕೂರಿಸಿದವಳು ನಾನೇ ಅಲ್ಲವೆ? ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಅವಳು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು. ತಟ್ಟೆ ತೊಳೆದಿಟ್ಟಳು, ಕೈ ಒರೆಸಿಕೊಂಡಳು. "ಕೋಳಿ ತುಂಬಾ ಚೆನ್ನಾಗಿತ್ತು" ಎಂದು ಅವನಿಗೆ ಹೇಳಿದಳು, ನೆಂಟರ ಮನೆಯಲ್ಲಿ ಹೇಳುವ ಹಾಗೆ. ನನಗೆ "ಬರ್ತೀನಿ ಅತ್ತಿಗೆ" ಅಂದಳು. ಬಾಗಿಲು ಸದ್ದಿಲ್ಲದೆ ಎಳೆದುಕೊಂಡು ಹೋದಳು.

ತಮ್ಮ ಬಡಿಸುವ ಸೌಟು ಹಿಡಿದುಕೊಂಡೇ ಬಾಗಿಲ ತನಕ ಹೋಗಿ ಬಂದ.

"ನಾನು ಏನೂ ಕಳ್ಕೊಂಡಿಲ್ಲ ಅಂತ ಅವಳಿಗೆ ಸರಿಯಾಗಿ ಅರ್ಥ ಆಗ್ಲಿಲ್ಲ ಅನ್ಸುತ್ತೆ ಅಕ್ಕ" ಅಂದ.