ಏಳನೆಯ ಸೀಟು

ದಂಡೋತಿಯ ಗುರುರಾಜ ಮಾಸ್ತರರು ಚಿತ್ತಾಪುರದ ಡಿಗ್ರಿ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಕಾಮರ್ಸ್ ಕಲಿಸುತ್ತಿದ್ದರು. ವ್ಯಾಪಾರದಲ್ಲಿ ಲಾಭ ಮಾಡುವುದು ಹೇಗೆಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟಿದ್ದರೇ ಹೊರತು ಸ್ವತಃ ಒಂದು ಬೆಂಕಿಪೊಟ್ಟಣವನ್ನೂ ಮಾರಿದವರಲ್ಲ. ಸಂತೆಗೆ ಹೋದರೆ ಅಂಗಡಿಯವಳು ಹೇಳಿದ ರೇಟಿಗೆ ಹೂಂಗುಟ್ಟಿ ಹುಳುಕು ಬದನೆಕಾಯಿಯನ್ನೇ ಆರಿಸಿ ತರುತ್ತಿದ್ದರು. ಅವರ ಹೆಂಡತಿ ವೃಂದಾ ಅದನ್ನು ಹೆಚ್ಚುತ್ತ, "ನಿಮ್ಮ ಪುಸ್ತಕದಾಗ ಬದನಿಕಾಯಿ ಪಾಠ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಮಾಸ್ತರರಿಗೆ ಬಂದ ಕಷ್ಟ ಬದನೆಕಾಯಿಯದಲ್ಲ, ಗಡಿಯಾರದ್ದು. ಕಾಲೇಜಿನ ಗಂಟೆ ಹತ್ತಕ್ಕೆ. ದಂಡೋತಿಯಿಂದ ಎಂಟಕ್ಕೊಂದು ಬಸ್ಸಿತ್ತು, ಆದರೆ ಅಷ್ಟು ಹೊತ್ತಿಗೆ ಅವರ ಸಂಧ್ಯಾವಂದನೆಯೇ ಮುಗಿದಿರುತ್ತಿರಲಿಲ್ಲ. ಐದು ನಿಮಿಷ ಮೊದಲು ಏಳಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಮುಂದಿನ ಬಸ್ಸು ಹನ್ನೊಂದಕ್ಕೆ. ನಡುವೆ ಉಳಿದದ್ದು ಅಂಬರಾಯನ ಮೂರು ಗಾಲಿಯ ಟಂಟಂ ಒಂದೇ.

ಅಂಬರಾಯನ ಅಜ್ಜ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ಹರಿಗೋಲು ತುಂಬದೆ ಅಜ್ಜ ದಡ ಬಿಡುತ್ತಿರಲಿಲ್ಲ, ಹನ್ನೊಂದು ಸೀಟು ತುಂಬದೆ ಮೊಮ್ಮಗ ಸ್ಟ್ಯಾಂಡು ಬಿಡುತ್ತಿರಲಿಲ್ಲ. ಮಾಸ್ತರರು ಒಂಬತ್ತಕ್ಕೇ ಬಂದು ಡ್ರೈವರ್ ಪಕ್ಕದ ಮರ್ಯಾದೆಯ ಜಾಗದಲ್ಲಿ ಕೂರುತ್ತಿದ್ದರು. ಹನ್ನೊಂದನೆಯವನು ಎಲ್ಲೋ ಮನೆಯಲ್ಲಿ ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದ. ಅವನ ಊಟ ಮುಗಿಯುವವರೆಗೆ ಚಿತ್ತಾಪುರದ ಬಿ.ಕಾಂ. ತರಗತಿ ಕಾಯಬೇಕಾಗುತ್ತಿತ್ತು.

ಹೀಗಾಗಿ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆಗಳು ಎಂಟಾದವು. ಪ್ರಾಂಶುಪಾಲರು ಕರೆಸಿದರು. "ಮುಂದಿನ ತಿಂಗಳು ಹದಿನಾಲ್ಕಕ್ಕ ಗುಲಬರ್ಗಾದಿಂದ ದೊಡ್ಡ ಸಾಹೇಬರು ಬರಾಕತ್ತಾರ. ನಿಮ್ಮ ಸೀನಿಯರ್ ಗ್ರೇಡಿನ ಫೈಲು ಅವರ ಕೈಯಾಗ ಅದ. ಅಲ್ಲೀತನಕ ಇನ್ನೊಂದು ಕೆಂಪು ಗೆರಿ ಬಿತ್ತಂದ್ರ ನನ್ನ ಕೈಲೆ ಏನೂ ಆಗಂಗಿಲ್ಲ ನೋಡ್ರಿ," ಎಂದರು. ಆ ಗ್ರೇಡಿಗಾಗಿ ಮಾಸ್ತರರು ಆರು ವರ್ಷದಿಂದ ಕಾದಿದ್ದರು. ತಮಗಿಂತ ಚಿಕ್ಕವರೆಲ್ಲ ಅದನ್ನು ಪಡೆದು ಮುಂದೆ ಹೋದದ್ದು ಅವರ ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಆ ಸಂಜೆ, ಹದಿನೆಂಟು ವರ್ಷದಲ್ಲಿ ಮೊದಲ ಸಲ, ತಮ್ಮ ಪಾಠದಿಂದ ತಮಗೂ ಉಪಯೋಗವಾಗಬಹುದೆಂದು ಅವರಿಗೆ ಹೊಳೆಯಿತು.

ಅಂಬರಾಯನನ್ನು ಮನೆಗೆ ಕರೆಸಿದರು. ಅವನ ಜೊತೆ ಮಗಳು ಪ್ರೀತಿಯೂ ಬಂದಳು. ಅವಳು ಮಾಸ್ತರರ ಕೈಯಲ್ಲೇ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಳು, ಮನೆಯಲ್ಲಿ ಟಂಟಮ್ಮಿನ ಲೆಕ್ಕ ಬರೆಯುತ್ತಿದ್ದವಳೂ ಅವಳೇ. ಮಾಸ್ತರರು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆಯತೊಡಗಿದರು.

"ಅಂಬರಾಯ, ಗಾಡಿ ಓಡಿದ್ರೂ ಓಡದಿದ್ರೂ ತಪ್ಪದ ಖರ್ಚು ಯಾವ್ಯಾವ ಅವ?"

"ಬ್ಯಾಂಕಿನ ಕಂತು ದಿನಕ್ಕ ನೂರಾ ಇಪ್ಪತ್ತು ಬೀಳ್ತದ್ರಿ. ಇನ್ಶೂರೆನ್ಸು, ಟ್ಯಾಕ್ಸು ಕೂಡಿ ಮೂವತ್ತು."

"ನೂರಾ ಐವತ್ತು. ಇದಕ್ಕ ಫಿಕ್ಸೆಡ್ ಕಾಸ್ಟ್ ಅಂತಾರ. ನೀ ಮಲಗಿದ್ರೂ ಇದು ಮಲಗಂಗಿಲ್ಲ. ದಿನಕ್ಕ ಹತ್ತು ಟ್ರಿಪ್ಪು, ಅಂದ್ರ ಟ್ರಿಪ್ಪಿಗೆ ಹದಿನೈದು. ಇನ್ನ, ಓಡಿದ್ರ ಮಾತ್ರ ಆಗೋ ಖರ್ಚು?"

"ಡೀಸೆಲ್ಲು, ಆಯಿಲ್ಲು, ಟೈರು ಸವೆಯೋದು... ಟ್ರಿಪ್ಪಿಗೆ ಅದೂ ಹದಿನೈದೇ ಹಿಡೀರಿ."

"ಇದು ವೇರಿಯೇಬಲ್. ಎರಡೂ ಕೂಡಿ ಮೂವತ್ತು. ಸೀಟಿಗೆ ಐದು ರೂಪಾಯಿ. ಎಷ್ಟು ಸೀಟಿಗೆ ನಿನ್ನ ಖರ್ಚು ಹುಟ್ತದ?"

"ಆರಕ್ಕ್ರಿ."

"ಆರು!" ಮಾಸ್ತರರು ಲಗ್ನಪತ್ರಿಕೆಯ ಮೇಲೆ ಆರು ಬರೆದು ಎರಡು ಸಲ ಸುತ್ತು ಹಾಕಿದರು. "ಲಾಭಾನೂ ಇಲ್ಲ, ಲುಕ್ಸಾನೂ ಇಲ್ಲ. ಇದೇ ಬ್ರೇಕ್ ಈವನ್. ಆರಕ್ಕ ಗಾಡಿ ಬಿಡೋದು ಬಿಟ್ಟು ಹನ್ನೊಂದರ ತನಕ ಯಾಕ ಕಾಯ್ತಿ?"

"ಮತ್ತ ಲಾಭ ಬ್ಯಾಡೇನ್ರಿ ಸರ್?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಮಾಸ್ತರರು ಕೆಮ್ಮಿದರು. "ಲಾಭ ಉಳಿದ ಒಂಬತ್ತು ಟ್ರಿಪ್ಪಿನಾಗ ಮಾಡ್ಕೋ. ಮುಂಜಾನಿ ಟ್ರಿಪ್ಪೊಂದು ಆರು ಸೀಟಿಗೆ ಬಿಡು." ಒಂಬತ್ತು ಟ್ರಿಪ್ಪಿನ ಲಾಭ ಅಂಬರಾಯನಿಗೆ, ಒಂದು ಟ್ರಿಪ್ಪಿನ ಲಾಭ ತಮಗೆ, ಹಂಚಿಕೆ ಚೆನ್ನಾಗಿಯೇ ಇದೆ ಎಂದು ಅವರಿಗೆ ಅನ್ನಿಸಿತು.

"ಇನ್ನೊಂದು ಮಾತು," ಎಂದು ಬೆರಳೆತ್ತಿದರು. "ಆರು ಅಂದ್ರ ಖರೇ ಆರು. ನಿನ್ನ ಮಗಳ್ನ ಎಣಿಸಬ್ಯಾಡ. ಆ ಹಣಮವ್ವನ್ನೂ ಎಣಿಸಬ್ಯಾಡ." ಹಣಮವ್ವ ಕೊತ್ತಂಬರಿ, ಮೆಂತ್ಯದ ಬುಟ್ಟಿ ಹೊತ್ತು ದಿನಾ ಚಿತ್ತಾಪುರಕ್ಕೆ ಹೋಗುವ ಮುದುಕಿ. ಅಂಬರಾಯನ ತಾಯಿಯ ಗೆಳತಿಯಾದ್ದರಿಂದ ಅವಳಿಗೆ ಟಿಕೀಟಿರಲಿಲ್ಲ. "ರೊಕ್ಕ ಕೊಡದವರು ಸೀಟಲ್ಲ ಅಂಬರಾಯ, ಭಾರ. ಬರೇ ಭಾರ. ಬರಕೋ."

ಅಂಬರಾಯ ಏನೋ ಹೇಳಲು ಬಾಯಿ ತೆರೆದವನು ಅದನ್ನು ನುಂಗಿಕೊಂಡು, "ಆಯ್ತ್ರಿ ಸರ್," ಎಂದ. ಪ್ರೀತಿ ಹೊಸ್ತಿಲ ಕಡೆ ತಿರುಗಿ ನಿಂತಳು.

ಮರುದಿನದಿಂದ ಟಂಟಂ ಒಂಬತ್ತೂವರೆಗೆ ಮೊದಲೇ ಹೊರಡತೊಡಗಿತು. ಹಾಜರಿ ಪುಸ್ತಕದಲ್ಲಿ ಮಾಸ್ತರರ ಸಹಿಯ ಮುಂದೆ ಕೆಂಪು ಗೆರೆ ನಿಂತುಹೋಯಿತು. ಅವರ ನಡಿಗೆಯೇ ಬದಲಾಯಿತು. ಎರಡು ವಾರ ಕಳೆದ ಮೇಲೆ ಒಂದು ದಿನ ಹೆಮ್ಮೆಯಿಂದ, "ಲೆಕ್ಕ ಕೂಡಾಕತ್ತದಿಲ್ಲೋ?" ಎಂದು ಕೇಳಿದರು.

"ಕೂಡ್ತದ್ರಿ. ಮುಂಜಾನಿ ಟ್ರಿಪ್ಪಿನಾಗ ಒಂದು ಐದು ರೂಪಾಯಿ ಅಷ್ಟ ಕಡಿಮಿ ಬೀಳ್ತದ."

"ದಿನಾನೂ?"

"ದಿನಾನೂ ರಿ."

ಮಾಸ್ತರರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಸಿದ್ಧಾಂತ ತಪ್ಪುವಂತಿಲ್ಲ, ಆದ್ದರಿಂದ ತಪ್ಪು ಎಂಜಿನ್ನಿನದೇ ಇರಬೇಕು. "ಗಾಡಿ ಡೀಸೆಲ್ ಭಾಳ ಕುಡ್ಯಾಕತ್ತದ. ತೋರಿಸ್ಕೊಂಡು ಬಾ," ಎಂದು ಹೇಳಿದರು. ಸೈಕಲ್ಲಿನ ಚೈನು ಬಿದ್ದರೂ ಹಾಕಿಕೊಳ್ಳಲು ಬಾರದ ಮನುಷ್ಯನ ಈ ಮಾತಿಗೆ ಬೆಲೆ ಕೊಟ್ಟು ಪಾಪ ಅಂಬರಾಯ ವಾಡಿಯ ಮೆಕ್ಯಾನಿಕ್ಕನ ಹತ್ತಿರ ಹೋದ, ಅರವತ್ತು ರೂಪಾಯಿ ತೆತ್ತು ಎಂಜಿನ್ ತೊಳೆಸಿಕೊಂಡು ಬಂದ. ಮರುದಿನವೂ ಐದು ರೂಪಾಯಿ ಕಡಿಮೆಯೇ ಬಿತ್ತು.

ಹದಿಮೂರನೇ ತಾರೀಖು ಮಾಸ್ತರರು ತರಗತಿಯಲ್ಲಿ ಇದೇ ಪಾಠ ತೆಗೆದರು. "ಪುಸ್ತಕದ ಉದಾಹರಣಿ ಬ್ಯಾಡ. ನಮ್ಮೂರ ಅಂಬರಾಯನ ಟಂಟಂ ತಗೋರಿ," ಎಂದು ಬೋರ್ಡಿನ ತುಂಬ ಬರೆದರು. ಎಷ್ಟು ಮಂದಿ ಆದರೆ ಗಾಡಿ ಬಿಡಬಹುದು? ಆರು. ಆರಕ್ಕೊಂದು ಚೌಕ.

ಎರಡನೇ ಬೆಂಚಿನಿಂದ ಪ್ರೀತಿ ಎದ್ದಳು. "ಸರ್, ಏಳು ಆಗ್ತದ್ರಿ."

"ಮೂವತ್ತಕ್ಕ ಐದರಿಂದ ಭಾಗಿಸಿದ್ರ ಏಳು ಬರ್ತದೇನು? ಏಳನೇಯಂವ ಯಾರು?"

ಪ್ರೀತಿ ಅವರನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. "ಕುಂದ್ರು. ಪರೀಕ್ಷಾದಾಗ ಹಿಂಗ ಬರದ್ರ ಸೊನ್ನಿ," ಎಂದರು ಮಾಸ್ತರರು. ತರಗತಿ ನಕ್ಕಿತು. ಹೊರಡುವಾಗ ಬಾಗಿಲಲ್ಲಿ ನಿಂತು, "ಬೋರ್ಡು ಯಾರೂ ಅಳಿಸಬ್ಯಾಡ್ರಿ. ನಾಳೆ ಸಾಹೇಬರು ನೋಡ್ಲಿ," ಎಂದು ಅಪ್ಪಣೆ ಮಾಡಿದರು.

ಮರುದಿನ ಅವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಗೋಪಿಚಂದನವನ್ನು ಎಂದಿಗಿಂತ ನೀಟಾಗಿ ಹಚ್ಚಿಕೊಂಡು ಸ್ಟ್ಯಾಂಡಿಗೆ ಬಂದರು. ಟಂಟಂ ಅರ್ಧ ಖಾಲಿಯಾಗಿ ಭಣಭಣ ಅನ್ನುತ್ತಿತ್ತು. ಒಂದೇ ಹೊಲಕ್ಕಾಗಿ ಕೋರ್ಟಿಗೆ ಹೊರಟ ಅಣ್ಣತಮ್ಮಂದಿರಿಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ದವಾಖಾನೆಗೆ ಹೊರಟ ಅತ್ತೆ ಸೊಸೆ ಇದ್ದರು. ಪ್ರೀತಿ ಇದ್ದಳು, ಬುಟ್ಟಿಯೊಂದಿಗೆ ಹಣಮವ್ವ ಇದ್ದಳು. ಒಂಬತ್ತೂಕಾಲಾಯಿತು. ಒಂಬತ್ತು ಇಪ್ಪತ್ತಾಯಿತು.

"ಬಿಡೋ ಅಂಬರಾಯ."

"ಇನ್ನೂ ಆರು ಆಗಿಲ್ಲಲ್ರಿ ಸರ್. ಆರಕ್ಕ ಬಿಡು ಅಂತ ನೀವೇ ಹೇಳೀರಿ." ಅಂಬರಾಯನ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಒಳ್ಳೆಯ ವಿದ್ಯಾರ್ಥಿಯಾಗಿದ್ದ, ಅಷ್ಟೇ.

ಮಾಸ್ತರರು ಬೆರಳು ಮಡಚಿ ಎಣಿಸಿದರು. ಕೋರ್ಟಿನವರು ಎರಡು, ದವಾಖಾನೆಯವರು ಎರಡು, ತಾವೊಬ್ಬರು. ಐದು. ಒಂದೇ ಒಂದು ಕಡಿಮೆ! ಅವರು ಜೇಬಿನಿಂದ ಐದರ ನೋಟು ತೆಗೆದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. "ತಗೋ. ಆರನೇ ಸೀಟಿನ ರೊಕ್ಕ ನಾ ಕೊಡ್ತೀನಿ. ಈಗರ ಬಿಡು."

ಹಿಂದಿನಿಂದ ಹಣಮವ್ವ ಬೊಚ್ಚು ಬಾಯಲ್ಲಿ ನಕ್ಕಳು. "ಆರನೇದ್ದು ಆಮ್ಯಾಗ ಕೊಡುವಂತಿ ಮಾಸ್ತರ. ಮೊದಲ ನಿಂದು ಯಾವತ್ತು ಕೊಟ್ಟೀಯಪ್ಪಾ? ನಾನೂ ನೀನೂ ಒಂದೇ ಲೆಕ್ಕ. ನನ್ನ ಬಿಟ್ಟು ನಿನ್ನಷ್ಟ ಹ್ಯಾಂಗ ಎಣಿಸ್ಕೊಂತಿ?"

"ಏ ಮುದುಕಿ, ಸುಮ್ನ ಕುಂದ್ರು!" ಅಂಬರಾಯ ಗದರಿದ. ಆದರೆ ಮಾತು ಆಡಿ ಆಗಿತ್ತು. ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರು ಕೂಡ ಆಗ ಒಬ್ಬರನ್ನೊಬ್ಬರು ನೋಡಿಕೊಂಡರು.

ಮಾಸ್ತರರ ಕೈಯಲ್ಲಿ ನೋಟು ಹಾಗೇ ಇತ್ತು. ಪ್ರೀತಿ ಕಾಲೇಜು ಸೇರಿದ ವಾರ ಅವರು ಹೀಗೆಯೇ ನೋಟು ತೆಗೆದಿದ್ದರು. ಅಂಬರಾಯ ಎರಡು ಹೆಜ್ಜೆ ಹಿಂದೆ ಸರಿದು, "ಹುಡುಗಿ ನಿಮ್ಮ ಕೈಯಾಗ ಓದಾಕತ್ತಾಳ್ರಿ. ನಮ್ಮಜ್ಜ ಹರಿಗೋಲಿನಾಗೂ ಕಲಿಸೋರ ರೊಕ್ಕ ಮುಟ್ಟಿಲ್ಲ," ಎಂದಿದ್ದ. ಎರಡನೇ ದಿನವೂ ಕೈ ಜೇಬಿಗೆ ಹೋಯಿತು. ಮೂರನೇ ದಿನ ಸ್ವಲ್ಪ ನಿಧಾನವಾಗಿ ಹೋಯಿತು. ಎರಡನೇ ವಾರದಲ್ಲಿ ಕೈಗೆ ಆ ದಾರಿಯೇ ಮರೆತುಹೋಗಿತ್ತು. ಒಂದು ವರ್ಷದ ಮೇಲಾಗಿತ್ತು. ಇಷ್ಟು ದಿನ ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಭಾರ ತಾವೇ ಎಂದು ಅವರಿಗೆ ತಿಳಿಯಿತು. ದಿನಾ ಕಡಿಮೆ ಬಿದ್ದ ಐದು ರೂಪಾಯಿ ನೆನಪಾಯಿತು, ವಾಡಿಯ ಅರವತ್ತು ರೂಪಾಯಿ ನೆನಪಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಏಳು ಎಂದು ಹೇಳಿ ತಲೆ ತಗ್ಗಿಸಿದ ಹುಡುಗಿ ನೆನಪಾದಳು. ಅವರಿಗೆ ಬಹಳ ನಾಚಿಕೆಯಾಯಿತು.

"ಮೊದಲೇ ಯಾಕ ಹೇಳ್ಲಿಲ್ಲೋ ಅಂಬರಾಯ?"

"ಹ್ಯಾಂಗ ಹೇಳ್ಲಿರಿ? ಹೇಳಿದ್ರ ನಿಮ್ಮ ಹಂತ್ಯಾಕ ರೊಕ್ಕ ಕೇಳಿದಂಗ ಆಗ್ತಿತ್ತು."

"ಈಗರ ತಗೋ."

"ಅದೊಂದು ಆಗಂಗಿಲ್ರಿ ಸರ್." ಅಂಬರಾಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನೀವು ಹತ್ತಿದ್ರೂ ಅಷ್ಟೇ, ಹತ್ತದಿದ್ರೂ ಅಷ್ಟೇ. ನೀವು ನಮ್ಮ ಗಾಡಿಗಿ ಫಿಕ್ಸೆಡ್ ಕಾಸ್ಟ್."

ಗಡಿಯಾರ ಒಂಬತ್ತು ಇಪ್ಪತ್ತೈದು ತೋರಿಸುತ್ತಿತ್ತು. ಕೊಡಲು ಹೋದರೆ ತೆಗೆದುಕೊಳ್ಳುವವನಿಲ್ಲ, ಬೇಕಾದದ್ದು ಒಬ್ಬರಲ್ಲ, ಇಬ್ಬರು. ಆಗ ದಂಡೋತಿಯ ಜನ ಎಂದೂ ಕಾಣದ್ದನ್ನು ಕಂಡರು. ಗುರುರಾಜ ಮಾಸ್ತರರು ಇಳಿದು ರಸ್ತೆಯ ನಡುವೆ ನಿಂತು, "ಚಿತ್ತಾಪುರ," ಎಂದರು. ಮೊದಲ ಸಲ ಅದು ಹಾಜರಿ ಕೂಗಿದಷ್ಟೇ ಮೆಲ್ಲಗೆ ಬಂತು. ಯಾರೂ ತಿರುಗಲಿಲ್ಲ. ಎರಡನೇ ಸಲ ಎದೆಯಿಂದ ಬಂತು. ಮೂರನೇ ಸಲ, "ಏ ಚಿತ್ತಾಪುರ, ಚಿತ್ತಾಪುರ! ಖಾಲಿ ಅದ ಬರ್ರಿ!" ಎಂದು ಕೂಗಿದಾಗ ಬೇವಿನ ಮರದ ಕಾಗೆಗಳು ಎದ್ದವು. ಹನ್ನೊಂದರ ಬಸ್ಸಿಗೆ ಹೋಗಬೇಕೆಂದಿದ್ದ ಟೇಲರ್ ಮಶಾಕ ಹೊಲಿಗೆಯ ಗಂಟಿನೊಂದಿಗೆ ಅಂಗಡಿಯಿಂದ ಓಡಿಬಂದ. ಮಾಸ್ತರರಿಗೆ ಏನಾಯಿತೆಂದು ನೋಡಲು ಬಂದಿದ್ದ ಕಿರಾಣಿ ಅಂಗಡಿಯ ಆಶಾಬಿ, ಹೇಗೂ ಬಂದೆನಲ್ಲ ಎಂದು ಅಂಗಡಿ ಸಾಮಾನಿನ ಚೀಲ ಹಿಡಿದು ಹತ್ತಿಯೇಬಿಟ್ಟಳು.

"ಆರು!" ಅಂಬರಾಯ ಕೀಲಿ ತಿರುವಿದ. "ಬರ್ರಿ ಸರ್, ಮುಂದ ಕುಂದ್ರಿ."

"ಬ್ಯಾಡ. ಭಾರ ಭಾರದ ಬಾಜೂಕೇ ಕುಂದ್ರಬೇಕು," ಎಂದು ಮಾಸ್ತರರು ಹಿಂದೆ ಹತ್ತಿ ಹಣಮವ್ವನ ಪಕ್ಕ ಕೂತರು. ಅವಳು ಎರಡನೇ ಮಾತಿಲ್ಲದೆ ಮೆಂತ್ಯದ ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟಳು. ಇಸ್ತ್ರಿ ಹಾಕಿದ ಅಂಗಿಯ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ.

ಗಂಟೆ ಹೊಡೆಯಲು ಮೂರು ನಿಮಿಷ ಇರುವಾಗ ಅವರು ಸಹಿ ಹಾಕಿದರು. ಹತ್ತೂಕಾಲಿಗೆ ಸಾಹೇಬರು ತರಗತಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಬೋರ್ಡನ್ನು ಮೇಲಿನಿಂದ ಕೆಳಗೆ ಓದಿ, "ಉದಾಹರಣಿ ಛಲೋ ಅದ. ಮುಂದಿನದು ತಗೋರಿ," ಎಂದರು.

ಮುಂದಿನದು ತೆಗೆದುಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆರು ವರ್ಷ ಕಾದ ಗ್ರೇಡು ಕೊನೆಯ ಬೆಂಚಿನಲ್ಲಿ ಕನ್ನಡಕ ಒರೆಸುತ್ತ ಕೂತಿತ್ತು. ಎರಡನೇ ಬೆಂಚಿನಲ್ಲಿ ಪ್ರೀತಿ ತಲೆ ತಗ್ಗಿಸಿದ್ದಳು. ಮಾಸ್ತರರು ಡಸ್ಟರ್ ಎತ್ತಿಕೊಂಡು ಚೌಕದೊಳಗಿನ ಆರನ್ನು ಒರೆಸಿದರು.

"ಈ ಉತ್ತರ ತಪ್ಪು. ನಿನ್ನೆ ಪ್ರೀತಿ ಹೇಳಿದ್ದೇ ಖರೆ," ಎಂದರು. ಬೆಳಗಿನ ಕೂಗಿನಿಂದ ಗಂಟಲು ಒಡೆದಿತ್ತು. "ರೊಕ್ಕ ಕೊಡೋರು ಆರು ಮಂದಿ ಬೇಕು. ಆದ್ರ ಆ ಗಾಡಿಯಾಗ ರೊಕ್ಕ ಕೊಡದೇ ಕುಂತು, ತನ್ನನ್ನೂ ಎಣಿಸ್ಕೊಂಡಂವ ಒಬ್ಬ ಇದ್ದ. ಅದಕ್ಕ ಏಳು. ನಿನ್ನೆ ಅಂವ ನನಗ ಕಂಡಿದ್ದಿಲ್ಲ."

ಸಾಹೇಬರು ಕನ್ನಡಕ ಹಾಕಿಕೊಂಡರು. ಮಾಸ್ತರರ ಭುಜದ ಮೇಲೆ ಅಂಟಿದ್ದ ಮೆಂತ್ಯದ ಎಲೆಯನ್ನು ನೋಡುತ್ತ, "ಯಾರ್ರೀ ಅಂವ?" ಎಂದು ಕೇಳಿದರು.

"ನಾನೇ ರೀ ಸಾಹೇಬ್ರ."

ತರಗತಿಯಲ್ಲಿ ಯಾರೂ ನಗಲಿಲ್ಲ. ಪ್ರೀತಿ ತಲೆ ಎತ್ತದೆಯೇ, ನಿನ್ನೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ ಏಳರ ಸುತ್ತ ಒಂದು ಚೌಕ ಎಳೆದಳು.