ಮೌನದವ್ವನ ತಂಗಿ

ಅರ್ಧ ಎಳೆಗಳಿಗೆ ಕೊಂಡಿ ಬಿದ್ದಿತ್ತು, ಇನ್ನರ್ಧ ಉಳಿದಿತ್ತು. ಬಸವೇಶ್ವರಿ ಮಗ್ಗದ ಮುಂದೆ ಕೂತು, ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಡಲಿನ ಹತ್ತಿ ಎಳೆಗಳಿಗೆ ಒಂದೊಂದಾಗಿ ಸಿಕ್ಕಿಸುತ್ತಿದ್ದಳು. ಕಲಾದಗಿಯಿಂದ ಇಳಕಲ್ಲಿಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯಿಂದ ಕಲಿತ ಕೆಲಸ. ಕೈ ಓಡುತ್ತಿದ್ದರೆ ಬಾಯಿ ಸುಮ್ಮನಿರಬಹುದು, ಅದಕ್ಕೇ ಅವಳಿಗೆ ಇದು ಇಷ್ಟ.

ಇವತ್ತು ಬಾಯಿ ಸುಮ್ಮನಿರುವಂತಿರಲಿಲ್ಲ. ಹುನಗುಂದದ ನೀಲವ್ವ ಬಂದು ಎದುರಿಗೇ ಕೂತಿದ್ದಳು. ಬಸವೇಶ್ವರಿಯ ಮಗಳು ನೇತ್ರಾಳನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದವಳು.

"ನಿಶ್ಚಯಕ್ಕ ಮೊದಲ ಒಮ್ಮಿ ಕಲಾದಗಿಗೆ ಹೋಗಿ ಮೌನದವ್ವನ ಪಾದಕ್ಕ ಬಿದ್ದ ಬರೂಣ್ರಿ" ಎಂದಳು ನೀಲವ್ವ. "ನಾ ಈ ಹೆಣ್ಣ ಯಾಕ ಹಿಡದೆ ಅಂತೀರಿ? ಬಂಗಾರ ನೋಡಿ ಅಲ್ಲ, ಬಣ್ಣ ನೋಡಿ ಅಲ್ಲ. ಆ ತಾಯಿ ರಕ್ತ ಐತಿ ಅಂತ."

"ಅಂದ್ರ ನನ್ನ ಬಣ್ಣ ಚಲೋ ಇಲ್ಲ ಅಂದಂಗಾತಲ್ರಿ ಅತ್ತಿ" ಎಂದು ನೇತ್ರಾ ಒಳಗಿನಿಂದ ಕೂಗಿದಳು.

"ಬಾಯಿ ನೋಡ ಇಕೀದು! ಇದನ್ನ ಕೇಳಿದ್ರ ಮೌನದವ್ವನೂ ಮೌನಾ ಮುರದು ಬೈತಾಳ."

ಇಬ್ಬರೂ ನಕ್ಕರು. ಬಸವೇಶ್ವರಿಯೂ ತುಟಿ ಅಗಲಿಸಿದಳು.

ಮೌನದವ್ವ ಅವಳ ಸ್ವಂತ ಅಕ್ಕ ಸಿದ್ದವ್ವ. ಚೊಚ್ಚಲ ಕೂಸು ತೀರಿಕೊಂಡಾಗ ಅವಳಿಗಿನ್ನೂ ಸಣ್ಣ ವಯಸ್ಸು. ಎದೆಯ ಹಾಲು ಬತ್ತುವ ಮೊದಲೇ ಗಂಡ ತವರಿಗೆ ತಂದು ಬಿಟ್ಟು ಹೋದ. ಆಮೇಲೆ ಸಿದ್ದವ್ವ ಯಾರಿಗೂ ಕಾಣದವರಿಗೆ ಉತ್ತರ ಕೊಡತೊಡಗಿದಳು. ಬಾವಿ ತನ್ನನ್ನು ಕರೆಯುತ್ತದೆ ಎಂದು ನೀರು ಮುಟ್ಟಲೊಲ್ಲಳು. ಕೈಕಟ್ಟಿ ಗುಡಿ ಗುಡಿ ತಿರುಗಿಸಿದರು, ಬೇವಿನ ಬರಲಿನಲ್ಲಿ ಹೊಡೆಸಿದರು, ದವಾಖಾನೆಗೆ ಮಾತ್ರ ಒಯ್ಯಲಿಲ್ಲ. ಕೊನೆಗೊಮ್ಮೆ ಅವಳು ಮಾತಾಡುವುದನ್ನೇ ಬಿಟ್ಟಾಗ ಅಣ್ಣ ನಾಗಲಿಂಗ, "ಮೌನಾ ಹಿಡದಾಳ ಅಂತ ಹೇಳೂಣು. ಬಸವೇಶ್ವರೀದರ ಲಗ್ನ ಆಗಲಿ" ಎಂದ. ಓಣಿಯವರಿಗೆ ಹೇಳಿದ ಆ ಒಂದು ಮಾತಿಗೆ ಮೊದಲು ಊದಿನಕಡ್ಡಿ ಬಂತು, ಆಮೇಲೆ ತೆಂಗಿನಕಾಯಿ ಬಂದವು. ಲಗ್ನದ ದಿನ ಬಸವೇಶ್ವರಿಯೇ ಹಣೆಗೆ ಮದುಮಗಳ ದಂಡೆ ಕಟ್ಟಿಕೊಂಡು ಎಲ್ಲರ ಮುಂದೆ ಅಕ್ಕನ ಪಾದಕ್ಕೆ ಬಿದ್ದಿದ್ದಳು. ಅಕ್ಕ ಬೆದರಿ ಕಾಲು ಹಿಂದಕ್ಕೆಳೆದುಕೊಂಡಿದ್ದಳು. ಅದನ್ನೂ ಜನ ದೊಡ್ಡತನವೆಂದೇ ಹೊಗಳಿದರು.

ಮಹಾಂತೇಶ ಚಹಾ ತಂದ. ನೇತ್ರಾಳ ತಮ್ಮ. ಗುಳಿಗೆಯ ದೆಸೆಯಿಂದ ಕೈ ಸಣ್ಣಗೆ ನಡುಗುತ್ತಿತ್ತು, ಬಸಿಯಲ್ಲಿ ಕಪ್ಪು ಕಟಕಟ ಅನ್ನುತ್ತಿತ್ತು.

"ಇವಗೂ ದೊಡ್ಡವ್ವನ ಅಂಶ ಬಂದೈತಿ ನೋಡ್ರಿ, ಎಷ್ಟ ಶಾಂತ!" ಎಂದಳು ನೀಲವ್ವ. "ಆ ನಿದ್ದಿಗುಳಗಿ ಸಾಕ ಮಾಡ್ರಿನ್ನ. ಅಪ್ಪನ ದುಃಖ ಎಷ್ಟ ದಿನಾ ಇರತೈತಿ?"

ನಿದ್ದೆಗುಳಿಗೆ ಎಂದು ಹೇಳಿದ್ದು ಬಸವೇಶ್ವರಿಯೇ. ಅವಳು ಎಳೆಯ ಮೇಲಿನ ಕಣ್ಣು ಎತ್ತಲಿಲ್ಲ.

ಹುಡುಗ ಬಾಗಲಕೋಟೆಯಲ್ಲಿ ರೂಮು ಮಾಡಿಕೊಂಡು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾಗಲೇ ಅವನಪ್ಪ ತೀರಿಕೊಂಡಿದ್ದ. ಮಣ್ಣು ಕೊಟ್ಟ ಮೂರು ವಾರಕ್ಕೇ ಬಸವೇಶ್ವರಿ, "ಗಂಡಸು ಅಳಕೊಂತ ಕುಂದರಬಾರದು, ನಡಿ" ಎಂದು ಅವನನ್ನು ಬಸ್ಸು ಹತ್ತಿಸಿದ್ದಳು. ಒಬ್ಬನೇ ರೂಮು, ನಿದ್ದೆ ಇಲ್ಲ, ಪರೀಕ್ಷೆಯೂ ಹೋಯಿತು. ತಿರುಗಿ ಬಂದವನು ಕಿವಿ ಮುಚ್ಚಿಕೊಂಡು ಮೂಲೆ ಹಿಡಿದ. "ಮಗ್ಗ ನನ್ನ ಹೆಸರ ಹಿಡದು ಕರ್ಯಾಕತ್ತೇತಿ, ನಿಂದರಸವ್ವಾ" ಎಂದ. ಆಗ ಮಗ್ಗ ನಿಂತೇ ಇತ್ತು.

ಬಾಗಲಕೋಟೆಯ ಡಾಕ್ಟರಮ್ಮ ಸಮಾಧಾನದಿಂದ ಹೇಳಿದ್ದಳು: "ಕೆಲವರು ಹುಟ್ಟುತ್ತಲೇ ಒಂದು ಮೆತ್ತನ್ನ ಜಾಗ ತೊಗೊಂಡ ಬಂದಿರ್ತಾರ್ರಿ. ಅದೊಂದ ಇದ್ರ ಜಡ್ಡು ಬರಾಕ ಬೇಕಂತಿಲ್ಲ. ಸಾವು, ನಿದ್ದಿಗೇಡು, ಒಬ್ಬಂಟಿತನ ಎಲ್ಲಾ ಕೂಡಿ ಅಲ್ಲೇ ಬಿದ್ದಾಗ ತಡಕೊಳ್ಳೂದಿಲ್ಲ. ಯಾರ ತಪ್ಪೂ ಅಲ್ಲ." ಆಮೇಲೆ ಕೇಳಿದಳು, "ನಿಮ್ಮ ಕಡೆ, ಅವರ ತಂದಿ ಕಡೆ, ಯಾರಿಗರ ಹಿಂಗ ಆಗಿತ್ತೇನ್ರಿ?"

"ಇಲ್ರಿ. ಯಾರಿಗೂ ಇಲ್ಲ." ಯೋಚಿಸುವ ಮೊದಲೇ ಆಡಿಬಿಟ್ಟಿದ್ದಳು.

ಈಗ ಹುಡುಗ ಸುಧಾರಿಸಿದ್ದ. ಹೋದ ಸಲ ಡಾಕ್ಟರಮ್ಮ, "ಮನೆತನದಾಗ ಯಾರಿಗೂ ಇಲ್ಲ ಅಂತೀರಿ. ಒಮ್ಮಿ ಬಂದು ಹೋಗೇತೇನೋ. ಮುಂದಿನ ಸಲ ಗುಳಗಿ ಕಡಿಮಿ ಮಾಡಿ ನೋಡೂಣ್ರಿ" ಎಂದಿದ್ದಳು. ಆ ಮುಂದಿನ ಸಲ ಎಂದರೆ ನಾಳೆ. ತನ್ನ ಒಂದು 'ಇಲ್ರಿ'ಯನ್ನು ನಂಬಿ ಮಗನ ಗುಳಿಗೆ ಇಳಿಯಲಿತ್ತು.

ನೀಲವ್ವ ಎದ್ದಳು. ನೇತ್ರಾ ಅವಳನ್ನು ಬಸ್‌ಸ್ಟ್ಯಾಂಡಿಗೆ ಮುಟ್ಟಿಸಲು ಹೋದಳು. ಮಹಾಂತೇಶ ತಾಯಿಯ ಪಕ್ಕ ಕೂತು ರೇಷ್ಮೆಯ ಎಳೆ ಬಿಡಿಸಿ ಕೊಡತೊಡಗಿದ. ಚಿಕ್ಕಂದಿನಲ್ಲೂ ಹೀಗೇ ಕೊಡುತ್ತಿದ್ದ.

"ಅವ್ವಾ, ದೊಡ್ಡವ್ವಗೂ ಕೇಳಸ್ತಿತ್ತೇನ?"

"ಏನ?"

"ನನಗ ಕೇಳಸ್ತಿತ್ತಲ್ಲ, ಹಂಗ. ನಾ ಸಣ್ಣಾಂವ ಇದ್ದಾಗ ನೋಡೇನಿ. ಯಾರೂ ಇಲ್ಲದ ಕಡೆ ನೋಡಿ ಹೂಂ ಹೂಂ ಅನ್ನೂಹಂಗ ತಲಿ ಹಾಕ್ತಿದ್ಲು. ರೂಮಿನ್ಯಾಗ ನಾನೂ ಹಂಗ ಹಾಕ್ತಿದ್ದೆ."

ಅವಳ ಕೈ ನಿಂತಿತು. ಹೌದು ಎನ್ನಲು ಒಂದೇ ಉಸಿರು ಸಾಕಿತ್ತು.

"ಆಕಿ ಶರಣಿ" ಎಂದಳು. "ಆಕೀದ ಬ್ಯಾರೆ."

ಮಹಾಂತೇಶ ತುಸು ಹೊತ್ತು ಎಳೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಹಂಗಾರ ನಾ ಒಬ್ಬನ."

ಅದರಲ್ಲಿ ಸಿಟ್ಟಿರಲಿಲ್ಲ. ಬಸ್ಸು ಹೋಯಿತು ಎಂದು ಯಾರೋ ಹೇಳಿದಾಗ, ಹೌದಾ, ಎನ್ನುವ ಹಾಗೆ ಅಂದ. ಮತ್ತೆ ಮುಂದಿನ ಎಳೆ ಬಿಡಿಸಿ ಕೊಟ್ಟ.

ಬಸವೇಶ್ವರಿಯ ಮುಖ ಬಿಸಿಯಾಯಿತು. ಡಾಕ್ಟರಮ್ಮನಿಗೆ ಸುಳ್ಳು ಹೇಳಿದಾಗ ಇಷ್ಟು ನಾಚಿಕೆ ಆಗಿರಲಿಲ್ಲ. ನೀಲವ್ವನ ಎದುರಿಗೂ ಆಗಿರಲಿಲ್ಲ. ಅಕ್ಕನನ್ನು ದೇವರ ಪಾಲು ಮಾಡಿ ಒಬ್ಬಳನ್ನೇ ಕೂರಿಸಿದ್ದಾಗಿತ್ತು. ಈಗ ಮಗನನ್ನೂ ಒಬ್ಬನನ್ನೇ ಕೂರಿಸಿದ್ದಳು.

ಕೈಯಲ್ಲಿದ್ದ ಹತ್ತಿ ಎಳೆ ಪಟ್ಟನೆ ಹರಿಯಿತು. ಗಂಜಿ ಸರಿಯಾಗಿ ಹಿಡಿಯದ ಜಾಗ. ಮೆದು ಎಳೆಯನ್ನು ಯಾರೂ ಬಿಸಾಡುವುದಿಲ್ಲ, ಗಂಜಿ ಹಚ್ಚಿ, ಬಿಗಿ ಸಡಿಲಿಸಿ ನೇಯುತ್ತಾರೆ, ಸೀರೆ ಪೂರ್ತಿಯಾಗುತ್ತದೆ. ಆದರೆ ಮೆದು ಎಲ್ಲಿದೆಯೆಂದು ನೇಯುವವರಿಗೆ ಹೇಳಬೇಕಾಗುತ್ತದೆ.

ನೇತ್ರಾ ಬಿಸಿಲಿಗೆ ಕೆಂಪಾಗಿ ವಾಪಸ್ಸು ಬಂದಳು. "ನಾಳಿ ದವಾಖಾನಿ ಮುಗಿಸಿ ಹಂಗ ಕಲಾದಗಿಗೆ ಹೋಗಿ ದೊಡ್ಡವ್ವನ ಪಾದಕ್ಕ ಬಿದ್ದ ಬರ್ರಿ ಅಂದಾರ ಅತ್ತಿ. ನಿಶ್ಚಯಕ್ಕ ಚಲೋ ದಿನಾ ಹಿಡೀಬೇಕಂತ. ಏನ್ ಹೇಳ್ಲಿ?"

"ನೋಡೂಣು ತಡಿ."

ಮಗಳ ನಗುಮುಖ ನೋಡಲು ಅವಳಿಗೆ ಆಗಲಿಲ್ಲ. ನಿಜ ಹೊರಬಿದ್ದರೆ ಈ ನಗು ಉಳಿಯುತ್ತದೋ ಇಲ್ಲವೋ. ನಾಳೆ ಡಾಕ್ಟರಮ್ಮ ಕೇಳುವ ಮೊದಲೇ ತಾನು ಸಿದ್ದವ್ವನ ಹೆಸರು ಹೇಳುವುದು. ಮೌನದವ್ವ ಎಂದಲ್ಲ, ಸಿದ್ದವ್ವ, ನಮ್ಮಕ್ಕ ಎಂದು. ಕೂಸಿನಿಂದ ಹಿಡಿದು ಬಾವಿಯವರೆಗೆ ಎಲ್ಲವನ್ನೂ. ಮಹಾಂತೇಶನನ್ನು ಹೊರಗೆ ಕಳಿಸದೆ, ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೇ ಹೇಳುವುದು. ಹುನಗುಂದದ ಬೀಗತನದ ಮಾತು ಆಮೇಲೆ.

"ಏನ ವಿಚಾರ ಮಾಡಾಕತ್ತೀಯವ್ವಾ?" ಎಂದ ಮಹಾಂತೇಶ.

"ಏನಿಲ್ಲ" ಎಂದು ಅವಳು ಕೈ ಚಾಚಿದಳು. "ಎಳಿ ಕೊಡು."