ಚಿಕ್ಕಲಕ್ಷ್ಮಮ್ಮ ಓದಿದ ಕೊನೆಯ ಅಧ್ಯಾಯ

ಹೊಂಗನೂರಿನಲ್ಲಿ ಕಾದಂಬರಿ ಓದುವ ಜೀವ ಒಂದೇ ಒಂದಿತ್ತು. ಅದು ರಾಮಲಿಂಗಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮ. ಊರಿನವರ ಲೆಕ್ಕದಲ್ಲಿ ಇದು ಚಟವೂ ಅಲ್ಲ, ಗುಣವೂ ಅಲ್ಲ. ಕೆಲವರಿಗೆ ಎಡಗೈ ವಾಡಿಕೆ ಇರುತ್ತದಲ್ಲ, ಅಂಥದ್ದೇನೋ. ಅವಳು ಓದುತ್ತಿದ್ದದ್ದು ರೇಷ್ಮೆಹುಳುಗಳು ಜ್ವರಕ್ಕೆ ಕೂತಾಗ. ಪೊರೆ ಬಿಡುವ ಮುಂಚೆ ಹುಳು ತಲೆ ಎತ್ತಿಕೊಂಡು ಕದಲದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳುವಿನ ಜ್ವರ ಮನೆಯವರ ಪಾಲಿಗೆ ರಜೆ. ಆ ರಜೆಯಲ್ಲಿ ರಾಮಲಿಂಗಯ್ಯ ಬಸ್ ಸ್ಟಾಪಿನ ಕರೀಮನ ಟೀ ಅಂಗಡಿಗೆ ಹೋಗುತ್ತಿದ್ದ, ಹೆಂಡತಿ ಹುಳುಮನೆಯ ಹೊಸ್ತಿಲ ಮೇಲೆ ಕೂತು ಪುಸ್ತಕ ಬಿಚ್ಚುತ್ತಿದ್ದಳು.

ಆ ಸಲದ ಕಾದಂಬರಿಯನ್ನು ಅವಳು ಕೊಂಡದ್ದು ರಾಮನಗರದ ಬಸ್ ಸ್ಟ್ಯಾಂಡಿನ ಫುಟ್‌ಪಾತಿನಲ್ಲಿ, ರೇಷ್ಮೆಗೂಡು ಮಾರಿ ವಾಪಸು ಬರುವಾಗ. ಅದರಲ್ಲಿ ಒಂದು ಬೆಟ್ಟಕ್ಕೆ ಒಂದೇ ಕಡೆ ಕೂತು ಕೂತು ಬೇಸರವಾಗಿ ಎದ್ದು ಹೋಗುತ್ತದೆ. ಬೆಳಗ್ಗೆ ಜನ ಚೊಂಬು ಹಿಡಿದು ಹೊರಟರೆ ಮರೆಗೆ ಬೆಟ್ಟವೇ ಇಲ್ಲ. ಅದು ಖಾಲಿ ಮಾಡಿದ ಜಾಗದಲ್ಲಿ ಒಂದು ಗಾಜಿನ ಊರು ಎದ್ದು ನಿಲ್ಲುತ್ತದೆ. ಆ ಊರಿನವರಿಗೆ ಹಗಲೆಲ್ಲ ನೆರಳಿಲ್ಲ. ನೆರಳುಗಳು ಸಂಜೆ ಬೇರೆ ಬಸ್ಸಿನಲ್ಲಿ ಬಂದು ಇಳಿಯುತ್ತವೆ. ಕೊನೆಗೆ ಬೆಟ್ಟ ವಾಪಸು ಬಂದು, ತವರಿಗೆ ಬಂದ ಹೆಣ್ಣುಮಗಳಿಗೆ ಕೂರು ಎನ್ನುವವರಿಲ್ಲದ ಹಾಗೆ ಊರ ಹೊರಗೆ ನಿಂತಿರುತ್ತದೆ. ಒಬ್ಬ ಹುಡುಗಿ ಮಾತ್ರ ಬಾ ಎನ್ನುತ್ತಾಳೆ. ಬೆಟ್ಟ ಉಪ್ಪಿನ ಹರಳಿನಷ್ಟಾಗಿ ಅವಳ ಸೆರಗಿನ ಗಂಟಿನೊಳಗೆ ಹೋಗಿ ಕೂರುತ್ತದೆ. ಅಲ್ಲಿಗೆ ಕಾದಂಬರಿ ಮುಗಿಯಿತು.

ಬಸ್ಸಿನ ನೆರಳುಗಳ ಭಾಗಕ್ಕೆ ಚಿಕ್ಕಲಕ್ಷ್ಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಪ್ಪಿನ ಹರಳಿನ ಭಾಗಕ್ಕೆ ಗೊಳೋ ಎಂದು ಅತ್ತಳು. ಬೆಟ್ಟ ಹೇಗೆ ಎದ್ದಿತು, ಅದಕ್ಕೆ ಕಾಲಿತ್ತೆ ಎಂದು ಬರೆದವನು ಎಲ್ಲೂ ಹೇಳಿರಲಿಲ್ಲ. ಹೇಳದಿದ್ದದ್ದೇ ಅವಳಿಗೆ ಹಿಡಿಸಿತು. ಅಲ್ಲಿಯವರೆಗೆ ಅವಳು ಓದಿದ ಕಾದಂಬರಿಗಳಲ್ಲಿ ನಾಯಕಿಗೆ ತಲೆನೋವು ಬಂದರೂ ಅದಕ್ಕೊಂದು ಕಾರಣ ಕೊಟ್ಟು ಒಂದು ಪುಟ ತುಂಬಿಸುತ್ತಿದ್ದರು. ಒಂದೇ ಕೊರತೆ ಎಂದರೆ, ಬೆಟ್ಟವನ್ನು ಕಂಡರೆ ಅಯ್ಯೋ ಅನ್ನಿಸಲಿಲ್ಲವಾ ಎಂದು ಕೇಳಲು ಪುಸ್ತಕ ಓದಿದ ಇನ್ನೊಬ್ಬರು ಊರಲ್ಲಿರಲಿಲ್ಲ. ತಡೆಯಲಾರದೆ ಗಂಡನಿಗೆ ಮುದ್ದೆ ಬಡಿಸುತ್ತ ಕತೆ ಹೇಳಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳ ಒಂದು ಕಾದಂಬರಿಗೂ ಕಿವಿಗೊಡದಿದ್ದ ರಾಮಲಿಂಗಯ್ಯ, ಗಾಜಿನ ಊರು ಎಂದ ಕೂಡಲೇ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಮುಂದಿನ ಕತೆ ಅವನ ಕಿವಿಗೆ ಬೀಳಲೇ ಇಲ್ಲ.

ಅವನದೂ ತಪ್ಪಲ್ಲ, ಕಾಲ ಹಾಗಿತ್ತು. ರಾಮನಗರ ಜಿಲ್ಲೆಯಾಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಬಿಡದಿಯ ಕಾರ್ಖಾನೆಗಳು ಮೈಸೂರು ರಸ್ತೆ ಹಿಡಿದು ಇತ್ತಲೇ ಬರುತ್ತಿವೆ ಎಂದು ಎಲ್ಲರೂ ನಂಬಿದ್ದರು. ಯಾರಾದರೂ ಒಂದು ಹಾಳೆ ಸುತ್ತಿಕೊಂಡು ರಸ್ತೆಯಲ್ಲಿ ನಿಂತರೆ ಅವನು ಎಂಜಿನಿಯರ್ರೇ ಎಂದು ತಿಳಿದು ಎಳನೀರು ಕೊಚ್ಚಿ ಕೊಡುತ್ತಿದ್ದರು. ಮದುವೆ ಕಾರ್ಡ್ ಹಂಚಲು ಬಂದ ಒಬ್ಬ ಬಡಪಾಯಿ ಹಾಗೆ ಎರಡು ಎಳನೀರು ಕುಡಿದು ಹೋಗಿದ್ದ.

ಮಾರನೆಯ ದಿನ ಕತೆ ಕರೀಮನ ಅಂಗಡಿ ತಲುಪಿತು. ಜಮೀನು ಕೊಡಿಸುವ, ಬಿಡಿಸುವ ಬ್ರೋಕರ್ ನಾಗರಾಜು ಪುಸ್ತಕ ತರಿಸಿಕೊಂಡು ಹಿಂಬದಿಯ ರಟ್ಟು ನೋಡಿದ. ಬರೆದವನು ಬೆಂಗಳೂರಿನಲ್ಲಿ ಸರ್ಕಾರಿ ನೌಕರ ಎಂದು ಅಲ್ಲಿ ಅಚ್ಚಾಗಿತ್ತು. ನಾಗರಾಜು ಪುಸ್ತಕವನ್ನು ಹಣೆಗೊತ್ತಿಕೊಂಡ.

“ನೋಡ್ರಲಾ, ನೆಟ್ಟಗೆ ಹೇಳುದ್ರೆ ಕೆಲ್ಸ ಹೋಯ್ತದೆ. ಅದ್ಕೆ ಕತೆ ಮಾಡಿ ಬುಟ್ಟವ್ನೆ. ಇದು ಒಳಗಿನ್ ಪ್ಲಾನು.”

ಪುಸ್ತಕವನ್ನು ಅವನು ಮನೆಗೆ ಒಯ್ದು ಮೂರು ಪುಟ ಓದಿ ವಾಪಸು ತಂದ. ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ, ಇದು ಸರ್ಕಾರದ್ದೇ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದ. ರಾಮಲಿಂಗಯ್ಯನ ಪಕ್ಕದ ಮನೆಯ ದೊಡ್ಡಹನುಮಯ್ಯನೂ ಹೌದು ಎಂದು ತಲೆದೂಗಿದ. ಹಾಗಾಗಿ ಓದಬಲ್ಲ ಚಿಕ್ಕಲಕ್ಷ್ಮಮ್ಮನನ್ನೇ ಕರೆಸುವುದೆಂದಾಯಿತು. ಕರೀಮ ಅವಳಿಗಾಗಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಒರೆಸಿದ. ಊರ ಗಂಡಸರೆಲ್ಲ ಒಬ್ಬ ಹೆಂಗಸು ಮಾತಾಡಲಿ ಎಂದು ಬಾಯಿ ಮುಚ್ಚಿಕೊಂಡು ಕೂತದ್ದು ಹೊಂಗನೂರಿನಲ್ಲಿ ಅದೇ ಮೊದಲು.

ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ಬೆಟ್ಟದ ಬೇಸರವನ್ನು ತನ್ನದೇ ಬೇಸರ ಎಂಬಂತೆ ಬಣ್ಣಿಸಿದಳು. ಕೇಳುತ್ತಿದ್ದವರು ಬೆಟ್ಟ ಯಾವ ದಿಕ್ಕಿನಿಂದ ಎದ್ದಿತು ಎಂದು ಕೇಳಿದರು. ಪುಸ್ತಕದಲ್ಲಿ ದಿಕ್ಕು ಬರೆದಿಲ್ಲ ಎಂದಳು. ಬರೆದೇ ಇರುತ್ತದೆ, ಸರಿಯಾಗಿ ನೋಡಿ ಎಂದರು. ನೆರಳುಗಳು ಬಸ್ಸಿನಿಂದ ಇಳಿಯುವ ಕಡೆ ಅವಳೊಬ್ಬಳೇ ನಕ್ಕಳು. ಬಸ್ಸು ಯಾವ ರೂಟಿನದು ಎಂದು ಒಬ್ಬ ಕೇಳಿದ. ತವರಿನ ಹೋಲಿಕೆ ಹೇಳುವಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ದೊಡ್ಡಹನುಮಯ್ಯ ಮೆಲ್ಲಗೆ, ಬೆಟ್ಟ ಎದ್ದು ಹೋದ ಜಾಗ ಒಟ್ಟು ಎಷ್ಟು ಎಕರೆ ಎಂದು ವಿಚಾರಿಸಿದ. ಉಪ್ಪಿನ ಹರಳಿನ ಭಾಗ ಹೇಳುವ ಮನಸ್ಸೇ ಆಗದೆ ಅವಳು ಕೊನೆಯ ಅಧ್ಯಾಯ ಓದುವುದಿನ್ನೂ ಬಾಕಿ ಎಂದು ಎದ್ದು ಬಂದಳು.

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಬೆಟ್ಟ ಎಂದರೆ ವಿರೂಪಾಕ್ಷಿಪುರದ ಕಡೆಯ ಕಲ್ಲುಗುಡ್ಡವೇ ಎಂದು ಟೀ ಅಂಗಡಿ ತೀರ್ಮಾನ ಮಾಡಿತು. ಗುಡ್ಡದ ಇಳಿಜಾರಿನಲ್ಲಿ ಓತಿಕ್ಯಾತ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ಅಂಥದ್ದಕ್ಕೆ ಜನ ಮುಗಿಬಿದ್ದರು. ರಾಮಲಿಂಗಯ್ಯನೂ ಬಿದ್ದ. ಅದನ್ನು ಕೊಳ್ಳಲು ಅವನು ಕೆರೆಯ ಕೆಳಗಿನ ಹಿಪ್ಪುನೇರಳೆ ತೋಟವನ್ನು ಮಾರಲು ಹೊರಟ. ತೋಟಕ್ಕೆ ಗಿರಾಕಿ, ಇಳಿಜಾರಿಗೆ ಮಾಲೀಕ, ಎರಡನ್ನೂ ನಾಗರಾಜುವೇ ಒದಗಿಸಿದ. ಸೋಮವಾರ ಅಗ್ರಿಮೆಂಟು.

ಆ ತೋಟದ ಒಂದೊಂದು ಕಡ್ಡಿಯನ್ನೂ ಚಿಕ್ಕಲಕ್ಷ್ಮಮ್ಮನೇ ನೆಟ್ಟಿದ್ದಳು. ತೋಟ ಹೋದರೆ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ಹುಳುವಿಲ್ಲ. ಅವಳಿಗೆ ಗೊತ್ತಿದ್ದ ಬದುಕು ಅದೊಂದೇ. ಗಂಡನ ಮುಂದೆ ಕೂತು, ಅದೆಲ್ಲ ಕಟ್ಟುಕತೆ, ಬೆಟ್ಟ ಏಳುವುದೂ ಇಲ್ಲ ನಡೆಯುವುದೂ ಇಲ್ಲ, ಪೂರಾ ಸುಳ್ಳು ಎಂದಳು. ಹಾಗೆನ್ನುವಾಗ ಸಾಕಿದ ಮಗುವನ್ನು ತನ್ನದಲ್ಲ ಎಂದಷ್ಟು ಸಂಕಟವಾಯಿತು.

ರಾಮಲಿಂಗಯ್ಯ ನಕ್ಕುಬಿಟ್ಟ. “ಸುಳ್ಳು ಹೇಳಕ್ಕೆ ಇಷ್ಟು ದಪ್ಪ ಪುಸ್ತಕ ಯಾಕ್ ಬೇಕಮ್ಮಿ? ಒಂದ್ ಮಾತು ಸಾಕಾಗಕಿಲ್ವ?”

ಭಾನುವಾರ ಬೆಳಗ್ಗೆ ಅವಳು ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಯಾರೂ ಕರೆಯದೆ ಕರೀಮನ ಅಂಗಡಿಗೆ ನಡೆದಳು. ಕೊನೆಯ ಅಧ್ಯಾಯ ಓದಿ ಆಯಿತು, ನೀವೂ ಕೇಳಿಬಿಡಿ ಎಂದಳು. ಕುರ್ಚಿ ಬಂತು. ನಾಗರಾಜು ಮಾತ್ರ ಅನುಮಾನದಿಂದ, ಎಲ್ಲಿ ನೋಡೋಣ ಎಂದು ಕೈ ಚಾಚಿದ. ಅವಳು ಒಂದು ಕ್ಷಣವೂ ತಡಮಾಡದೆ ಪುಸ್ತಕವನ್ನು ಅವನತ್ತ ಹಿಡಿದಳು. ಆ ಮೂರು ಪುಟಗಳ ನೆನಪಾಗಿ ನಾಗರಾಜು ಕೈ ಹಿಂದೆಗೆದುಕೊಂಡ. “ಇರ್ಲಿ ಬುಡಿ, ನೀವೇ ಓದಿ,” ಎಂದ.

ಅವಳು ಕೊನೆಯ ಪುಟ ಬಿಚ್ಚಿದಳು. ಕಣ್ಣೆದುರು ಹುಡುಗಿ ಸೆರಗಿನ ಗಂಟು ಬಿಚ್ಚಿ ಬೆಟ್ಟಕ್ಕೆ ಬಾ ಎನ್ನುತ್ತಿದ್ದಳು. ಚಿಕ್ಕಲಕ್ಷ್ಮಮ್ಮನ ಬಾಯಿ ಮಾತ್ರ ಬೇರೆಯದನ್ನೇ ಓದಿತು.

“ವಾಪಸು ಬಂದ ಬೆಟ್ಟಕ್ಕೆ ತನ್ನ ಜಾಗ ಸಿಗಲಿಲ್ಲ. ಅದು ಕಲ್ಲಿನ ಇಳಿಜಾರಿನ ಮೇಲೆ ಕೂತುಬಿಟ್ಟಿತು. ಇಳಿಜಾರನ್ನು ಕೊಂಡವರು ಪತ್ರ ಹಿಡಿದುಕೊಂಡು ಬಂದು ಬೇಡಿಕೊಂಡರು. ಬೆಟ್ಟ ಏಳಲಿಲ್ಲ. ಬೆಟ್ಟವನ್ನು ಕಂಡು ಹೆದರಿದ ಗಾಜಿನ ಊರು ಅಲ್ಲಿಂದ ಎದ್ದು, ಕೆರೆಯ ಕೆಳಗಿನ ಸೊಪ್ಪಿನ ತೋಟಗಳ ಕಡೆಗೆ ಹೊರಟಿತು. ತೋಟ ಮಾರಿಕೊಂಡವರು ಎದೆ ಬಡಿದುಕೊಂಡರು.”

ಇಷ್ಟು ಚೆನ್ನಾಗಿ ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಗಾಜಿನ ಊರು ಯಾವಾಗ ಬಂದು ತಲುಪುತ್ತದಂತೆ ಎಂದು ಮೊದಲು ರಾಮಲಿಂಗಯ್ಯನೇ ಕೇಳಿದ.

“ಹೊರಟೈತೆ ಅಂತ ಬರದವ್ರೆ. ಒಸಿ ನಿಧಾನಕ್ಕೆ ಬತ್ತದಂತೆ,” ಎಂದಳು.

ಸೋಮವಾರದ ಅಗ್ರಿಮೆಂಟು ಅಲ್ಲಿಗೇ ನಿಂತಿತು. ರಾಮಲಿಂಗಯ್ಯ ತೋಟಕ್ಕೆ ಬೇಲಿ ಹಾಕಿದ. ದೊಡ್ಡಹನುಮಯ್ಯ ತನ್ನ ತೋಟದ ಮಾತುಕತೆ ಮುರಿದುಕೊಂಡ. ಕೆರೆ ಬಯಲಿನಲ್ಲಿ ಯಾರು ಎಷ್ಟು ಕೊಡುತ್ತೇನೆಂದರೂ ಒಬ್ಬರೂ ಮಾರಲಿಲ್ಲ, ಎಲ್ಲರೂ ಗಾಜಿನ ಊರು ಬರಲಿ ಎಂದು ಕಾದರು. ಕಾಯುತ್ತ ಸುಮ್ಮನೆ ಕೂರಲಾಗದೆ ಹುಳು ಮೇಯಿಸಿದರು. ಪುಸ್ತಕ ಅವಳ ಮನೆಯ ದೇವರ ಗೂಡಿಗೆ ಹೋಯಿತು. ರಾಮಲಿಂಗಯ್ಯ ದಿನಾ ಅದಕ್ಕೆ ಊದುಬತ್ತಿ ತೋರಿಸುತ್ತಿದ್ದ. ತೋಟ ಉಳಿಯಿತಲ್ಲ ಎಂದು ಚಿಕ್ಕಲಕ್ಷ್ಮಮ್ಮನಿಗೆ ಹಾಯೆನಿಸಿತು.

ಮುಂದಿನ ಬೆಳೆಯ ಹುಳು ಎರಡನೆಯ ಜ್ವರಕ್ಕೆ ಕೂತಿದ್ದ ಒಂದು ಮಧ್ಯಾಹ್ನ ದೊಡ್ಡಹನುಮಯ್ಯನ ಸೊಸೆ ದಿವ್ಯ ಬಂದಳು. ಗಾರ್ಮೆಂಟ್ಸ್ ಬಸ್ಸಿನಲ್ಲಿ ದಿನಾ ರಾಮನಗರಕ್ಕೆ ಹೋಗಿಬರುವವಳು. ಮದುವೆಯಾಗಿ ಬಂದು ಆರು ತಿಂಗಳಾಗಿದ್ದರೂ ಈ ಮನೆಯ ಹೊಸ್ತಿಲು ತುಳಿದವಳಲ್ಲ. ಅವತ್ತು ರಜೆ. ಹುಳುಮನೆಯ ಬಾಗಿಲ ಹತ್ತಿರ ಕೂತು, ಮಾವ ಮನೆಯಲ್ಲಿ ಪುಸ್ತಕದ ಮಾತಾಡುತ್ತಿರುತ್ತಾರೆ, ಅವರಿಗೆ ಎಕರೆಯದೇ ಚಿಂತೆ, ನನಗೆ ಅದೆಲ್ಲ ಬೇಡ ಎಂದಳು. ಸಂಜೆ ಬಸ್ಸಿಳಿಯುವಾಗ ನೆರಳುಗಳದು ನೆನಪಾಗಿ ಒಬ್ಬಳೇ ನಗುತ್ತಾಳಂತೆ, ಜೊತೆಯವರು ಏನೇ ಎಂದು ಕೇಳುತ್ತಾರಂತೆ.

“ಒಂದ್ಸಲ ಓದಕ್ಕೆ ಕೊಡಿ ಅತ್ತೆ. ವಾಪಸ್ ಬಂದಾಗ ಆ ಬೆಟ್ಟಕ್ಕೆ ಬೇಜಾರಾಯ್ತೇನೋ, ಪಾಪ.”

ಚಿಕ್ಕಲಕ್ಷ್ಮಮ್ಮ ಅವಳ ಮುಖವನ್ನೇ ನೋಡಿದಳು. ಈ ಮಾತು ಕೇಳಲು ಎಷ್ಟು ವರ್ಷ ಕಾದಿದ್ದಳೋ. ಹುಡುಗಿ ಎರಡು ದಿನದಲ್ಲಿ ಓದಿ ಮುಗಿಸುತ್ತಾಳೆ, ಉಪ್ಪಿನ ಹರಳಿಗೆ ಬಂದು ಅಳುತ್ತಾಳೆ, ಆಮೇಲೆ ಬಸ್ಸಿನಲ್ಲಿ ಇಪ್ಪತ್ತು ಜನಕ್ಕೆ, ಮನೆಯಲ್ಲಿ ಮಾವನಿಗೆ ಕತೆ ಹೇಳುತ್ತಾಳೆ. ಹೇಳದೆ ಇರಲು ಇವಳಿಂದಲೂ ಆಗುವುದಿಲ್ಲ. ಅದರ ಮರುದಿನ ನಾಗರಾಜು ಅಗ್ರಿಮೆಂಟು ಹಿಡಿದು ಮತ್ತೆ ಬಾಗಿಲಲ್ಲಿರುತ್ತಾನೆ.

“ಅಯ್ಯೋ, ಒಸಿನೂ ಚೆನ್ನಾಗಿಲ್ಲ ಕಣವ್ವ ಅದು,” ಎಂದಳು ಚಿಕ್ಕಲಕ್ಷ್ಮಮ್ಮ. “ನೀನು ಓದ್‌ಬ್ಯಾಡ.”